ಇಪ್ಪತ್ತನೇ ತಾರೀಖು ಶ್ರೀರಂಗಪಟ್ಟಣದಲ್ಲಿ

2024ರ ಮಾರ್ಚ್‌ನಲ್ಲಿ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ನಾವಿದ್ದದ್ದು ಬೆಂಗಳೂರಿನಲ್ಲಿ, ಕೆಂಗೇರಿಯಿಂದಲೂ ಆಚೆ. ನಮ್ಮ ಬಡಾವಣೆಗೆ ಕಾವೇರಿ ಪೈಪು ಬಂದಿರಲಿಲ್ಲ. ಟ್ಯಾಂಕರ್‌ನವನಿಗೆ ಬೆಳಗ್ಗೆ ಐದೂವರೆಗೆ ಫೋನ್ ಮಾಡಿದರೆ "ನಾಳಿದ್ದು ನೋಡೋಣ" ಅನ್ನುತ್ತಿದ್ದ. ಇವತ್ತು ಸ್ನಾನ ಯಾರಿಗೆ, ಯಾರಿಗಿಲ್ಲ ಅಂತ ಮನೆಯಲ್ಲಿ ದಿನಾ ಪಂಚಾಯಿತಿ. ಒಂದು ದಿನ ನಮ್ಮನೆಯವರು ಖಾಲಿ ಬಕೆಟ್ ಹಿಡಿದು ನಿಂತಲ್ಲೇ ಹೇಳಿದರು: "ಹೊಳೆ ಪಕ್ಕ ಇರೋ ಊರಿಗೆ ಹೋಗಿಬಿಡೋಣ ಕಣೇ."

ಸುಮ್ನೆ ಬಾಯಿಗೆ ಬಂದ ಮಾತು. ಆದರೆ ಮಳೆ ಬಂದು ನೀರಿನ ಕಷ್ಟ ತೀರಿದ ಮೇಲೂ ಆ ಮಾತು ಮನೆ ಬಿಟ್ಟು ಹೋಗಲಿಲ್ಲ.

ನಾವು ನಾಲ್ಕು ಜನ. ನಾನು ಚಿಕ್ಕ ಅಂಗಡಿ, ಹೋಟೆಲಿನವರ ಜಿಎಸ್‌ಟಿ ಲೆಕ್ಕ ನೋಡುತ್ತೇನೆ, ಮನೆಯಿಂದಲೇ. ನಮ್ಮನೆಯವರಿಗೆ ವಾರಕ್ಕೆ ಎರಡು ದಿನ ಬೆಂಗಳೂರಿನ ಆಫೀಸಿಗೆ ಮುಖ ತೋರಿಸಬೇಕು, ಉಳಿದ ದಿನ ಎಲ್ಲಿ ಕೂತರೂ ಆಗುತ್ತೆ. ಮಗಳು ಆಗ ಒಂಬತ್ತನೇ ಕ್ಲಾಸ್ ಮುಗಿಸುತ್ತಿದ್ದಳು. ಮಾವನಿಗೆ 74. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡವರು, ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತಿಪಟೂರು ಕಡೆಯವರು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಮಗಳ ಸ್ಕೂಲು ಬದಲಿಸುವ ಹಾಗಿಲ್ಲ. ಹಾಗಾಗಿ ಯೋಚನೆ ಮಾಡೋಕೆ ಒಂದು ವರ್ಷ ಸಿಕ್ಕಿತು. ಸಿಗದೇ ಇದ್ದಿದ್ದರೆ ಮೇ ತಿಂಗಳಲ್ಲೇ ಒಂದು ತಪ್ಪು ಮನೆ ಕೊಂಡುಬಿಡುತ್ತಿದ್ದೆವು. ಆ ಕಥೆ ಮುಂದೆ ಬರುತ್ತೆ.

ಬೇರೆ ಊರುಗಳ ಹೆಸರೂ ಬಂದವು. ಮೇಲುಕೋಟೆ ನನಗೆ ಇಷ್ಟ. ಬೆಟ್ಟ, ಕಲ್ಯಾಣಿ, ಪುಳಿಯೋಗರೆ, ಮೌನ. ಆದರೆ ಮೌನ ಎಷ್ಟಿದೆ ಅಂದರೆ ಮಗಳು "ಅಮ್ಮಾ, ಇಲ್ಲಿ ನೀನು ಬೇಕಾದ್ರೆ ರಿಟೈರ್ ಆಗು" ಅಂದಳು. ನಂಜನಗೂಡು ಮೈಸೂರಿನಿಂದ ಇನ್ನೂ ದಕ್ಷಿಣಕ್ಕೆ, ಬೆಂಗಳೂರಿಗೆ ಓಡಾಡುವವರಿಗೆ ಉಲ್ಟಾ ದಿಕ್ಕು. ಪಾಂಡವಪುರ ಪರವಾಗಿಲ್ಲ ಅನ್ನಿಸಿತು, ಆದರೆ ರೈಲ್ವೆ ಸ್ಟೇಷನ್ ಊರೊಳಗಿಲ್ಲ, ಇಳಿದ ಮೇಲೆ ಆಟೋ ಹುಡುಕಬೇಕು. ಮೈಸೂರಲ್ಲೇ ಇರಬಹುದಲ್ವಾ ಅಂತ ಎಲ್ಲರೂ ಕೇಳಿದರು. ಇರಬಹುದು. ಆದರೆ ಒಂದು ದೊಡ್ಡ ಊರು ಬಿಟ್ಟು ಇನ್ನೊಂದು ದೊಡ್ಡದಾಗುತ್ತಿರುವ ಊರಿಗೆ ಹೋಗೋಕೆ ಇಷ್ಟೆಲ್ಲ ಒದ್ದಾಟ ಯಾಕೆ? ಕೊನೆಗೆ ಉಳಿದದ್ದು ಶ್ರೀರಂಗಪಟ್ಟಣ. ಮೈಸೂರಿಗೆ ಸುಮಾರು 15 ಕಿಲೋಮೀಟರ್. ಸುತ್ತಲೂ ಹೊಳೆ. ಆ ಕಡೆಯವರ ಬಾಯಲ್ಲಿ ಬರೀ "ಪಟ್ಣ".

ಮೊದಲ ಸಲ ಹೋದದ್ದು ಏಪ್ರಿಲ್‌ನ ಒಂದು ಭಾನುವಾರ. ಅದು ತಪ್ಪು ದಿನ. ಭಾನುವಾರ ಪಟ್ಟಣ ಊರಲ್ಲ, ಪ್ರವಾಸಿ ತಾಣ. ರಂಗನಾಥನ ಗುಡಿ ಮುಂದೆ ಬಸ್ಸುಗಳ ಸಾಲು, ದರಿಯಾ ದೌಲತ್ ಮುಂದೆ ಸೌತೆಕಾಯಿಗೆ ಖಾರ ಹಚ್ಚುವವರು, ನಿಮಿಷಾಂಬ ಗುಡಿ ಹತ್ತಿರ ಕಾರು ನಿಲ್ಲಿಸೋಕೆ ಜಾಗ ಇಲ್ಲ. ನಾವೂ ಪ್ರವಾಸಿಗಳ ಥರವೇ ಖುಷಿಪಟ್ಟೆವು. ಸಂಗಮಕ್ಕೆ ಹೋದರೆ ಮಾತ್ರ ಎದೆ ಧಸಕ್ ಅಂತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತಲ್ಲ, ಹೊಳೆ ತುಂಬಾ ಬಂಡೆಗಳೇ. ನಡುವೆ ನೀರು ತೆಳ್ಳಗೆ, ನಾಚಿಕೊಂಡ ಹಾಗೆ ಹರಿಯುತ್ತಿತ್ತು. ಮಾವ ಒಂದು ಕಲ್ಲಿನ ಮೇಲೆ ಕೂತು, "ಹೊಳೆ ಪಕ್ಕ ಅಂದ್ಯಲ್ಲೋ, ಹೊಳೆ ಎಲ್ಲಿ?" ಅಂತ ಮಗನನ್ನು ಕೇಳಿದರು.

ಆದರೂ ನಮಗೆ ಊರು ಹಿಡಿಸಿಬಿಟ್ಟಿತ್ತು. ಹಿಡಿಸಿದ ಮೇಲೆ ಕಣ್ಣಿಗೆ ಪೊರೆ ಬರುತ್ತೆ.

ಮೇನಲ್ಲಿ ಬ್ರೋಕರ್ ಒಬ್ಬ ಕೋಟೆ ಒಳಗಿನ ಹಳೇ ಹೆಂಚಿನ ಮನೆ ತೋರಿಸಿದ. ಜಗಲಿ, ಮರದ ಕಂಬ, ಹಿತ್ತಲಲ್ಲಿ ನುಗ್ಗೆ ಮರ. ಒಳಗೆ ಹೆಜ್ಜೆ ಇಟ್ಟರೆ ತಣ್ಣಗೆ. ನಾನು ಅಡುಗೆಮನೆಯಲ್ಲಿ ನಿಂತು ಒರಳುಕಲ್ಲಿನ ಜಾಗ ನೋಡುತ್ತಲೇ ಮನಸ್ಸಿನಲ್ಲಿ ಸಾಮಾನು ಜೋಡಿಸಿಬಿಟ್ಟೆ. ಒಂದು ಗೋಡೆ ಬಿರುಕು ಬಿಟ್ಟಿತ್ತು, ಸೂರು ಎರಡು ಕಡೆ ಕುಸಿದಿತ್ತು. "ಇದನ್ನ ಕೆಡವಿ ಹಿಂದೆ ಒಂದು ಆರ್‌ಸಿಸಿ ರೂಮ್ ಎತ್ತಿಬಿಡಿ ಮೇಡಂ, ಅರಮನೆ ಆಗೋಯ್ತದೆ" ಅಂದ ಬ್ರೋಕರ್. ಬೆಲೆ ಕೇಳಿದರೆ ಕಡಿಮೆ. ನಾವು ಮುಖ ನೋಡಿಕೊಂಡೆವು. ಮಾರನೇ ವಾರ ಇನ್ನೂ ಐವತ್ತು ಸಾವಿರ ಇಳಿಸಿದ. ನಾವಿನ್ನೂ ಚೌಕಾಸಿಯನ್ನೇ ಶುರು ಮಾಡಿರಲಿಲ್ಲ! ಲೆಕ್ಕದ ಕೆಲಸ ಮಾಡುವವಳು ನಾನು. ಕೇಳದೇ ಇಳಿಯುವ ಬೆಲೆ ನೋಡಿದರೆ ಅನುಮಾನ ಬರಲೇಬೇಕು. ನನಗೆ ಬರಲಿಲ್ಲ, ನುಗ್ಗೆ ಮರ ಅಡ್ಡ ಬಂತು.

ಅನುಮಾನ ಬಂದದ್ದು ನನ್ನ ಕಾಲೇಜು ಗೆಳತಿಗೆ, ಅವಳು ವಕೀಲೆ. ಫೋನಲ್ಲಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ಕೋಟೆ ಗೋಡೆಯಿಂದ ಎಷ್ಟು ಮೀಟರ್?"

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು, ಅದಕ್ಕೆ 2010ರಲ್ಲಿ ತಿದ್ದುಪಡಿ ಆಗಿದೆ. ಕೇಂದ್ರ ಸರ್ಕಾರ ಸಂರಕ್ಷಿಸಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬೇಕಾದರೆ ಅನುಮತಿ ಬೇಕು. ಇರುವ ಮನೆ ರಿಪೇರಿ ಮಾಡಿಸಬೇಕಾದರೂ ಅರ್ಜಿ ಹಾಕಿಯೇ ಕೈ ಹಚ್ಚಬೇಕು. ಪಟ್ಟಣದಲ್ಲಿ ಒಂದು ಸ್ಮಾರಕ ಇದ್ದರೆ ಸರಿ. ಕೋಟೆ ಗೋಡೆ, ಗುಡಿ, ಮಸೀದಿ, ಸೆರೆಮನೆ, ಹೀಗೆ ಹೆಜ್ಜೆ ಹೆಜ್ಜೆಗೂ ಇವೆ. ಎಲ್ಲದರ ಸುತ್ತ 300 ಮೀಟರ್ ಗೆರೆ ಎಳೆದರೆ ಊರಲ್ಲಿ ಏನು ಉಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ.

ಮುಂದಿನ ಶನಿವಾರ ಹೋಗಿ ಅಳೆದೆವು. ಟೇಪು ಹಿಡಿಯೋಕೆ ಸಂಕೋಚ ಆಗಿ ನಮ್ಮನೆಯವರು ಹೆಜ್ಜೆ ಎಣಿಸಿದರು. ಗೋಡೆಯಿಂದ ಮನೆ ಬಾಗಿಲಿಗೆ 83 ಹೆಜ್ಜೆ. ಪಕ್ಕದ ಜಗಲಿಯಲ್ಲಿ ಅಜ್ಜ ಒಬ್ಬರು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಾ ಕೂತಿದ್ದರು. "ಏನ್ ಅಳೀತಾ ಇದ್ದೀರಾ?" ಅಂದರು. ಹೇಳಿದೆವು. ನಕ್ಕುಬಿಟ್ಟರು. "ಅಳೆಯೋದ್ಯಾಕೆ, ಅಲ್ಲೇ ನೀಲಿ ಬೋರ್ಡ್ ಹಾಕವ್ರಲ್ಲ. ಸೂರು ಸೋರಿದ್ರೂ ಕಾಗ್ದ ಕೊಟ್ಟೇ ಹೆಂಚು ತಿರುವಬೇಕು ಇಲ್ಲಿ. ಹುಟ್ಟಿದೋರು ನಾವು ಇರ್ತೀವಿ ಬುಡಿ. ದುಡ್ಡು ಕೊಟ್ಟು ಯಾಕ್ ತಗಲಾಕ್ಕೊಂಡೀರಾ?"

ಕಾನೂನು ತಪ್ಪು ಅಂತ ನಾನು ಹೇಳಲ್ಲ. ಆ ಗೆರೆ ಇಲ್ಲದಿದ್ದರೆ ಕೋಟೆ ಗೋಡೆ ಇಷ್ಟೊತ್ತಿಗೆ ಯಾರದೋ ಕಾಂಪೌಂಡ್ ಆಗಿರುತ್ತಿತ್ತು. ಇದೇ ಊರಲ್ಲಿ ರೈಲಿಗೆ ಜೋಡಿ ಹಳಿ ಹಾಕೋಕೆ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂದಾಗ ಅದನ್ನು ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಆಚೆ ಸರಿಸಿದರು. ಕಟ್ಟಡಕ್ಕೂ ಮನೆ ಬದಲಿಸುವ ಯೋಗ ಇರುವ ಊರು! ಆದರೆ ಬ್ರೋಕರ್ ಹೇಳಿದ ಆರ್‌ಸಿಸಿ ರೂಮ್ ಆ ಜಾಗದಲ್ಲಿ ಎದ್ದೇಳುವ ಹಾಗಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಆಮೇಲೆ ಅವನ ಫೋನ್ ಎತ್ತಲಿಲ್ಲ.

ಹಾಗೆಯೇ ಗೆಳತಿ ಇನ್ನೊಂದು ಮಾತು ಹೇಳಿದ್ದಳು. ಆಸ್ತಿ ಮೇಲೆ ಆಗಿರುವ ಮಾರಾಟ, ಸಾಲ ತೋರಿಸುವ ಋಣಭಾರ ಪತ್ರ, ಅಂದರೆ ಇಸಿ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ತೆಗೆಯಬಹುದು. ಹಳೇ ಮನೆಗೆ ಅಷ್ಟು ಸಾಲದು. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಬೇಕು. ಖಾತೆ ಅಜ್ಜನ ಹೆಸರಲ್ಲಿ, ವಾಸ ಮೊಮ್ಮಗಂದು, ಮಾರಲು ಬಂದವರು ಅಳಿಯ, ಇಂಥ ಮನೆಗಳೇ ಜಾಸ್ತಿ ಅಂದಳು. ಅಲ್ಲಿಗೆ ಕೊಳ್ಳುವ ಆಸೆ ಬಿಟ್ಟೆವು. ಹೋದರೆ ಬಾಡಿಗೆಗೆ.

ಆ ಮನೆ ತಪ್ಪಿದ್ದು ಒಂದು ರೀತಿ ಒಳ್ಳೇದಾಯಿತು. ಅಲ್ಲಿವರೆಗೆ ನಾವು ಊರು ಚೆನ್ನಾಗಿದೆಯಾ ಅಂತ ನೋಡುತ್ತಿದ್ದೆವು. ಚೆನ್ನಾಗೇ ಇದೆ, ಅದಕ್ಕೇನು? ನಮ್ಮ ಕೆಟ್ಟ ದಿನಗಳನ್ನು ಆ ಊರಿಗೆ ಕರೆದುಕೊಂಡು ಹೋಗಿ ನೋಡಬೇಕು ಅಂತ ಹೊಳೆದದ್ದು ಆಮೇಲೆ.

ನನ್ನ ಕೆಟ್ಟ ದಿನ ಯಾವುದು ಅಂತ ನನ್ನ ಕೆಲಸದವರಿಗೆ ಗೊತ್ತು. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ, 20ಕ್ಕೆ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಕೊಡೋಕೆ ಕೊನೇ ದಿನ. ಇಪ್ಪತ್ತನೇ ತಾರೀಖು ನಾನು ಯಾರಿಗೂ ಅಮ್ಮ ಅಲ್ಲ, ಸೊಸೆ ಅಲ್ಲ. ಆವತ್ತು ಕರೆಂಟು ಹೋದರೆ, ನೆಟ್ ನಿಂತರೆ, ಯಾರದೋ ಅಂಗಡಿಗೆ ದಂಡ ಬೀಳುತ್ತೆ. ಅದಕ್ಕೇ 2024ರ ಜೂನ್ 20, ಗುರುವಾರ, ಲ್ಯಾಪ್‌ಟಾಪು, ಎರಡು ಕಂಪನಿ ಸಿಮ್ಮು, ಮಾವನ ಮಾತ್ರೆ ಡಬ್ಬಿ ಎಲ್ಲ ಕಟ್ಟಿಕೊಂಡು ಪಟ್ಟಣದ ಒಂದು ಲಾಡ್ಜ್‌ನಲ್ಲಿ ರೂಮು ಹಿಡಿದೆವು. ಲಾಡ್ಜಿನವನು "ದರ್ಶನ ಆಯ್ತಾ ಮೇಡಂ?" ಅಂದ. "ಇಲ್ಲಪ್ಪ, ರಿಟರ್ನ್ ಫೈಲ್ ಮಾಡ್ಬೇಕು" ಅಂದೆ. ಅವನಿಗೆ ಏನು ಅರ್ಥ ಆಯಿತೋ, ಒಂದು ಟೇಬಲ್ ಫ್ಯಾನ್ ತಂದುಕೊಟ್ಟ.

ಬೆಳಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಹನ್ನೆರಡೂವರೆಗೆ ಬಂತು. ಮೂರಕ್ಕೆ ಮತ್ತೆ ಹೋಗಿ ಹತ್ತೇ ನಿಮಿಷಕ್ಕೆ ಬಂತು. ಒಂದು ಸಿಮ್ಮಿನ ಸಿಗ್ನಲ್ ಕೋಣೆಯೊಳಗೆ ಒಂದೇ ಕಡ್ಡಿ, ಕಿಟಕಿ ಹತ್ತಿರ ಮೂರು. ಇನ್ನೊಂದು ಎಲ್ಲ ಕಡೆ ಸರಿಯಾಗಿತ್ತು. ಸಂಜೆ ಆರರೊಳಗೆ ಹದಿನಾಲ್ಕು ರಿಟರ್ನ್ ಮುಗಿಸಿದೆ. ಬೆಂಗಳೂರಲ್ಲೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತಿತ್ತು. ಡೈರಿಯಲ್ಲಿ ಬರೆದುಕೊಂಡೆ: ಇನ್ವರ್ಟರ್ ಇಲ್ಲದ ಮನೆ ಬೇಡ. ಕೇಬಲ್ ಇಂಟರ್ನೆಟ್ ಎಳೆದಿರುವ ಬೀದಿಯೇ ಬೇಕು.

ಅವತ್ತು ರಾತ್ರಿ ಹನ್ನೊಂದಕ್ಕೆ ಮಾವನ ಪರೀಕ್ಷೆ. ಅಂದರೆ, ಎದೆನೋವು ಬಂದರೆ ಎಷ್ಟೊತ್ತಿಗೆ ಆಸ್ಪತ್ರೆ ಅನ್ನುವ ತಾಲೀಮು. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ನಮ್ಮನೆಯವರು ಗಡಿಯಾರ ನೋಡಿ ಕಾರು ಬಿಟ್ಟರು. ಮಾವ ಹಿಂದಿನ ಸೀಟಿನಲ್ಲಿ ಬಾಳೆಹಣ್ಣು ತಿನ್ನುತ್ತಾ, "ರೋಗಿ ಇಷ್ಟು ಗಟ್ಟಿಮುಟ್ಟಾಗಿದ್ರೆ ಡಾಕ್ಟರು ಒಳಗೇ ಬಿಡಲ್ಲ" ಅಂದರು. ಹೊಳೆ ದಾಟಿ, ಸಿದ್ದಲಿಂಗಪುರ ದಾಟಿ, ರಿಂಗ್ ರೋಡ್ ಹಿಡಿದು, ಕೆಆರ್‌ಎಸ್ ರಸ್ತೆಗೆ ತಿರುಗಿ ಆಸ್ಪತ್ರೆ ಗೇಟಿನ ಮುಂದೆ ನಿಂತಾಗ 27 ನಿಮಿಷ ಆಗಿತ್ತು. ಕೆಂಗೇರಿ ಆಚೆಯಿಂದ ಬೆಂಗಳೂರಿನ ಜಯದೇವಕ್ಕೆ ಒಂದು ಸಲ ಸಂಜೆ ಹೋಗಿದ್ದೆವು. ಒಂದು ಗಂಟೆ ಇಪ್ಪತ್ತು ನಿಮಿಷ. ಆ ಸಂಜೆ ಮಾವ ಬಾಳೆಹಣ್ಣು ತಿನ್ನುತ್ತಿರಲಿಲ್ಲ.

ರಾತ್ರಿ ಹನ್ನೊಂದರ ರಸ್ತೆ ಖಾಲಿ, ಬೆಳಗ್ಗೆ ಒಂಬತ್ತಕ್ಕೆ ಹಾಗಿರಲ್ಲ, ಗೊತ್ತು. ಆದರೂ ಆ 27 ನಿಮಿಷ ನಮ್ಮ ಪಟ್ಟಿಯಲ್ಲಿ ಬಹಳ ತೂಕದ್ದು.

ಜುಲೈ ಕೊನೆಯಲ್ಲಿ ಹೊಳೆಯ ಕೆಟ್ಟ ದಿನ ನೋಡಿದೆವು. ಕೊಡಗಲ್ಲಿ ಮಳೆ ಹೊಡೆದು ಕೆಆರ್‌ಎಸ್ ತುಂಬಿತ್ತು. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ, ಮಂಡ್ಯ ಜಿಲ್ಲೆಯಲ್ಲಿ ಈ ಸಂಖ್ಯೆ ಗೊತ್ತಿಲ್ಲದ ಮಗುವೂ ಇಲ್ಲ. ತುಂಬಿದ ಮೇಲೆ ಬಂದದ್ದನ್ನೆಲ್ಲ ಬಿಡಲೇಬೇಕು. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದೆ ಅಂತ ಸುದ್ದಿ ಬಂದ ಭಾನುವಾರ ನಾವು ಹೊರಟೆವು. ಮೂರು ತಿಂಗಳ ಹಿಂದೆ ಮಾವ ಕೂತಿದ್ದ ಕಲ್ಲು ಎಲ್ಲಿ ಅಂತಲೇ ಗೊತ್ತಾಗಲಿಲ್ಲ. ಕೆಂಪು ನೀರು, ಅದರಲ್ಲಿ ಮರದ ಕೊಂಬೆ, ಚಪ್ಪಲಿ, ತೆಂಗಿನಕಾಯಿ. ಸ್ನಾನಘಟ್ಟದ ಮೆಟ್ಟಿಲು ಮಾಯ. 1804ರ ವೆಲ್ಲೆಸ್ಲಿ ಸೇತುವೆಯ ಕಡೆ ಪೊಲೀಸರು ಬಿಡಲಿಲ್ಲ. ರಂಗನತಿಟ್ಟಿನಲ್ಲಿ ದೋಣಿ ಬಂದ್. ಹೊಳೆ ಸದ್ದು ಎಷ್ಟು ದೂರಕ್ಕೆ ಕೇಳುತ್ತಿತ್ತು ಅಂದರೆ, ಮಗಳು ಮೊದಲು ಅದನ್ನು ಲಾರಿ ಸದ್ದು ಅಂದುಕೊಂಡಿದ್ದಳು.

ಗಂಜಾಂ ಕಡೆ ಒಂದು ಮನೆ ಬಾಡಿಗೆಗಿದೆ ಅಂತ ನೋಡೋಕೆ ಹೋಗಿದ್ದೆವು. ಮನೆ ಚೆಂದ, ಹಿತ್ತಲು ಹೊಳೆ ಕಡೆ ಇಳಿಜಾರು. ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದರು. ನೀರು ಇಲ್ಲಿಗೆ ಬರುತ್ತಾ ಅಂತ ಕೇಳಿದೆ. "ಮನೆಗೆ ಬರಾಕಿಲ್ಲ ಕಣವ್ವ. ಹಿತ್ಲಿಗೆ ಬಂದು ಹೋಯ್ತದೆ. ನೀರು ಬಂದ್ರೆ ಒಳ್ಳೇದು, ನೀರು ಹೋದ್ಮೇಲೆ ಹಾವು ಬತ್ತವೆ ನೋಡು" ಅಂದರು. ಎಷ್ಟು ಸಲೀಸಾಗಿ ಹೇಳಿದರು ಅಂದರೆ, ನಾನೂ ತಲೆಯಾಡಿಸಿ "ಹೌದಾ" ಅಂದೆ. ಕಾರಿಗೆ ಬಂದ ಮೇಲೆ ಮಗಳು ಮೆಲ್ಲಗೆ, "ಅಮ್ಮಾ, ಅವರು ಹಾವು ಅಂದ್ರು" ಅಂದಳು.

ಸೊಳ್ಳೆ ವಿಷಯವೂ ಹೇಳಿಬಿಡುತ್ತೇನೆ. ಸುತ್ತ ಗದ್ದೆ, ನಾಲೆ, ಹೊಳೆ. ಸಂಜೆ ಆರಕ್ಕೆ ಕಿಟಕಿ ಮುಚ್ಚಲೇಬೇಕು. ಇದು ಹೊಸ ಗೋಳೇನಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಸೈನ್ಯ ಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಜ್ವರ ತಡೆಯೋಕೆ ಆಗದೆ ಕೆಲವೇ ವರ್ಷದಲ್ಲಿ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋದರು, ಅಲ್ಲಿ ದಂಡು ಪ್ರದೇಶ ಎದ್ದಿತು. ಇನ್ನೂರು ವರ್ಷದ ಮೇಲೆ ನಾವು ಅದೇ ದಾರಿಯಲ್ಲಿ ವಾಪಸ್ಸು ಬರುತ್ತಿದ್ದೇವೆ, ಸೊಳ್ಳೆ ಪರದೆ ಹಿಡಿದುಕೊಂಡು. ಗಂಜಾಂ ಕೂಡ ಹಾಗೇ ಕರೆತಂದವರ ಊರು. ಟಿಪ್ಪು ಶಿರಾದಿಂದ ಕುಟುಂಬಗಳನ್ನು ಕರೆಸಿ ಅಲ್ಲಿ ನೆಲೆ ಮಾಡಿಸಿದನಂತೆ. ಅವರನ್ನು ಯಾರೂ "ಒಂದು ಸಲ ಬಂದು ನೋಡಿ" ಅಂದಿರಲಿಕ್ಕಿಲ್ಲ.

ಆಮೇಲಿನ ಭೇಟಿಗಳು ಚಿಕ್ಕವು. ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ ದಿನ ಪಶ್ಚಿಮವಾಹಿನಿ, ಗೋಸಾಯಿ ಘಾಟ್, ಸಂಗಮ ಎಲ್ಲ ಕಡೆ ಪಿಂಡ ಇಡುವವರು. ಊರಿಗೆ ಕಾರು ನುಗ್ಗಿಸುವ ಮಾತೇ ಇಲ್ಲ. ಡಿಸೆಂಬರ್‌ನಲ್ಲಿ ಹನುಮ ಜಯಂತಿ ಯಾತ್ರೆ, ಬೀದಿ ಬೀದಿಗೂ ಪೊಲೀಸ್ ಬಂದೋಬಸ್ತ್. ಫೆಬ್ರವರಿಯಲ್ಲಿ ರಥಸಪ್ತಮಿ ತೇರು. ವರ್ಷದಲ್ಲಿ ಇಂಥ ದಿನ ಎಷ್ಟು ಅಂತ ಅಂಗಡಿಯವರೊಬ್ಬರನ್ನು ಕೇಳಿದೆ. ಬೆರಳು ಎಣಿಸಿ, ಸೋತು, "ಆ ದಿನ ನಾವು ಸಾಮಾನು ಹಿಂದಿನ ರಾತ್ರಿನೇ ತುಂಬ್ಸಿಕೊಂಡು ಬುಡ್ತೀವಿ" ಅಂದರು. ಆ ಊರವರು ಯಾತ್ರೆಯ ದಿನಗಳನ್ನು ಮಳೆ ಥರ ನೋಡುತ್ತಾರೆ. ಬರುತ್ತೆ, ಹೋಗುತ್ತೆ.

ನಮ್ಮನೆಯವರ ಲೆಕ್ಕ ಓಡಾಟದ್ದು. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಕಾರಲ್ಲಿ ಬೆಂಗಳೂರು ಹತ್ತಿರವೇ. ಆದರೆ ಬಿಡದಿ ಹತ್ತಿರ ಒಂದು ಟೋಲು, ಗಣಂಗೂರಿನಲ್ಲಿ ಇನ್ನೊಂದು, ಪಟ್ಟಣದಿಂದ ಬೆಂಗಳೂರಿಗೆ ಎರಡೂ ಕಟ್ಟಬೇಕು. ಮೈಸೂರು ಕಡೆಗೆ ಟೋಲಿಲ್ಲ. ಬೈಕು ಆ ದಾರಿಯಲ್ಲಿ ಬಿಡಲ್ಲ, 2023ರ ಆಗಸ್ಟ್‌ನಿಂದ ನಿಷೇಧ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಪಟ್ಟಣದಲ್ಲಿ ರೈಲ್ವೆ ಸ್ಟೇಷನ್ ಇದೆ, ಆದರೆ ಎಲ್ಲ ರೈಲೂ ನಿಲ್ಲಲ್ಲ. ಕೊನೆಗೆ ಹೋಗುವಾಗ ಮೈಸೂರಿಗೆ ಬಸ್ಸಲ್ಲಿ ಹೋಗಿ ರೈಲು ಹತ್ತುವುದು, ರಾತ್ರಿ ಆಫೀಸಿನ ಹತ್ತಿರ ತಮ್ಮನ ಮನೆಯಲ್ಲಿ ಮಲಗುವುದು, ಮಾರನೇ ದಿನ ಸಂಜೆ ಬರುವುದು ಅಂತ ಆಯಿತು. "ವಾರಕ್ಕೊಂದು ರಾತ್ರಿ ನೀವಿಲ್ಲದೇ ಇರ್ತೀವಿ ಬಿಡಿ" ಅಂದೆ. ಅಷ್ಟು ಬೇಗ ಒಪ್ಪಬಾರದಿತ್ತು ಅನ್ನುವ ಹಾಗೆ ನೋಡಿದರು.

ಮಗಳದ್ದೇ ಕಷ್ಟದ ಪ್ರಶ್ನೆಯಾಗಿತ್ತು. ಪಿಯುಸಿ ಮೈಸೂರಿನಲ್ಲಿ. ಕಾಲೇಜು, ಆಮೇಲೆ ಟ್ಯೂಷನ್, ಮನೆಗೆ ಬರುವಾಗ ಕತ್ತಲು. ಜನವರಿಯಲ್ಲಿ ಒಂದು ಸಂಜೆ ನಾನೂ ಅವಳೂ ಮೈಸೂರು ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಎಂಟು ಗಂಟೆಗೆ ನಿಂತೆವು. ಬಸ್ಸು ಬಂತು, ಜನ ನುಗ್ಗಿದರು. ಶಕ್ತಿ ಯೋಜನೆ ಟಿಕೆಟ್ಟು, ದುಡ್ಡಿಲ್ಲ. ಆಧಾರ್ ತೋರಿಸಿ ಕಂಬಿ ಹಿಡಿದು ನಿಂತೆವು. ಸಿದ್ದಲಿಂಗಪುರ ದಾಟಿದ ಮೇಲೆ ಸೀಟು ಸಿಕ್ಕಿತು. ಪಕ್ಕದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ದಿನಾ ಇದೇ ಬಸ್ಸಂತೆ. ಭಯ ಆಗಲ್ವಾ ಅಂದರೆ, "ಬಸ್ಸಲ್ಲಿ ಏನಿಲ್ಲ ಆಂಟಿ, ಎಲ್ಲಾ ನಮ್ಮೂರೋರೇ ಇರ್ತಾರೆ. ಇಳಿದ್ಮೇಲೆ ನಾಯಿ ಕಾಟ" ಅಂದಳು. ಇಳಿದು ಕೋಟೆ ಕಡೆ ನಡೆದು ನೋಡಿದೆವು. ಎಂಟೂ ಮುಕ್ಕಾಲಿಗೇ ಅಂಗಡಿಗಳ ಷಟರ್ ಅರ್ಧ ಇಳಿದಿದ್ದವು. ಬೀದಿ ದೀಪ ಒಂದು ಇದ್ದರೆ ಒಂದಿಲ್ಲ. ನಾಯಿಗಳು ಇದ್ದವು. ಬಸ್ ಸ್ಟ್ಯಾಂಡಿನ ಆಸುಪಾಸಿನ ಬೀದಿಗಳು ಮಾತ್ರ ಎದ್ದಿದ್ದವು, ಒಂದು ಕಡೆ ತಟ್ಟೆ ಇಡ್ಲಿಯ ಹಬೆ, ಒಂದು ಕಡೆ ಔಷಧಿ ಅಂಗಡಿ. ಮಗಳೇ ತೀರ್ಪು ಕೊಟ್ಟಳು: "ಇಲ್ಲಿಂದ ಐದು ನಿಮಿಷ ದೂರದಲ್ಲಿ ಮನೆ ಸಿಕ್ರೆ ಓಕೆ. ಕೋಟೆ ಒಳಗೆ ಆದ್ರೆ ನಾನು ಹಾಸ್ಟೆಲ್."

ಹಾಗೆ ನಾನು ಆಸೆಪಟ್ಟ ಕೋಟೆಯೂ ಹೋಯಿತು, ನಮ್ಮನೆಯವರು ಆಸೆಪಟ್ಟ ಹೊಳೆ ದಂಡೆಯೂ ಹೋಯಿತು. ಉಳಿದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗಳು. ಯಾವ ಪ್ರವಾಸಿಯೂ ಫೋಟೋ ತೆಗೆಯದ ಜಾಗ.

ಮಾವನ ಮಾತು ಬಾಕಿ ಇದೆ. ಅವರು ಮೊದಲಿನಿಂದಲೂ ಬೇಡ ಅಂದವರೇ. ಆಸ್ಪತ್ರೆಯ 27 ನಿಮಿಷ ಅವರನ್ನು ಕರಗಿಸಲಿಲ್ಲ. "ಸಾಯೋಕೆ ಅನುಕೂಲ ನೋಡ್ತಿದ್ದೀರಾ, ನಾನು ಬದುಕೋದು ಯಾರ ಜೊತೆ?" ಅಂದರು ಒಂದು ದಿನ. ಬೆಂಗಳೂರಿನ ಪಾರ್ಕಿನಲ್ಲಿ ಅವರಿಗೆ ಐದು ಜನ ಗೆಳೆಯರು. ಬೆಳಗ್ಗೆ ಒಂದು ಸುತ್ತು ನಡಿಗೆ, ಎರಡು ಸುತ್ತು ಜಗಳ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಗಡಿಯಾರ ಇಟ್ಟು ಅಳೆಯೋಕೆ ಆಗಲ್ಲ.

ರಥಸಪ್ತಮಿಯ ದಿನ ಜನಜಂಗುಳಿಯಲ್ಲಿ ಮಾವ ಕಾಣೆಯಾದರು. ಫೋನು ಕಾರಿನಲ್ಲೇ ಬಿಟ್ಟಿದ್ದರು. ಒಂದೂವರೆ ಗಂಟೆ ಹುಡುಕಿದೆವು. ನಮ್ಮನೆಯವರು ಪೊಲೀಸ್ ಚೌಕಿಗೆ ಹೋಗೋಣ ಅನ್ನುವಷ್ಟರಲ್ಲಿ ಒಂದು ಕ್ಷೌರದ ಅಂಗಡಿಯಿಂದ ಅವರ ಧ್ವನಿ ಕೇಳಿತು. ಕ್ಷೌರ ಮಾಡಿಸಿಕೊಳ್ಳುತ್ತಿರಲಿಲ್ಲ, ಬೆಂಚಿನ ಮೇಲೆ ಕೂತು ವಾದ ಮಾಡುತ್ತಿದ್ದರು. ಕಬ್ಬಿನ ಬೆಲೆ ಜಾಸ್ತಿಯಾಗಬೇಕಾ, ಕೊಬ್ಬರಿ ಬೆಲೆಯಾ ಅಂತ. "ಯಾವ್ ಕಡೆಯೋರು ಸ್ವಾಮಿ ನೀವು?" ಅಂತ ಯಾರೋ ಕೇಳಿದ್ದಾರೆ, ತಿಪಟೂರು ಅಂದಿದ್ದಾರೆ, ಅಷ್ಟೇ ಸಾಕಾಗಿದೆ. ನಾವು ಒಳಗೆ ಹೋದಾಗ ನಾಲ್ಕು ಜನ ರೈತರು ಒಂದು ಕಡೆ, ಮಾವ ಒಬ್ಬರೇ ಒಂದು ಕಡೆ. "ಕೊಬ್ರಿ ಯಜಮಾನ್ರ ಮನೆಯೋರು ಬಂದ್ರು, ಇನ್ನೊಂದ್ ಟೀ ಹೇಳ್ರೋ" ಅಂದರು ಯಾರೋ. ವಾಪಸ್ಸು ಬರುವಾಗ ಕಾರಿನಲ್ಲಿ ಮಾವ ಮಾತಾಡಲಿಲ್ಲ. ಮದ್ದೂರು ದಾಟಿದ ಮೇಲೆ, "ಆ ಜನಕ್ಕೆ ಕೊಬ್ಬರಿ ವಿಷಯ ಏನೂ ಗೊತ್ತಿಲ್ಲ. ಇನ್ನೊಂದು ಸಲ ಕೂರಿಸಿ ಹೇಳಬೇಕು" ಅಂದರು.

2025ರ ಮೇ ಕೊನೆಗೆ ಬಂದೆವು. ಮೊದಲ ಮಹಡಿಯ ಮನೆ, ಬಸ್ ಸ್ಟ್ಯಾಂಡಿಗೆ ಆರು ನಿಮಿಷ. ಬಾಡಿಗೆ 12 ಸಾವಿರ, 11 ತಿಂಗಳ ಕರಾರು. ಸಂಪು ಇದೆ, ಇನ್ವರ್ಟರ್ ನಾವೇ ಹಾಕಿಸಿಕೊಂಡೆವು. ಆಷಾಢದ ಒಳಗೆ ಹಾಲು ಉಕ್ಕಿಸಿಬಿಡಿ ಅಂತ ಮನೆ ಒಡತಿ ಅವಸರ ಮಾಡಿದರು. ಕಿಟಕಿಯಿಂದ ಹೊಳೆ ಕಾಣಲ್ಲ, ಕಾಣುವುದು ಎದುರಿನ ಗ್ಯಾರೇಜು. ಬೆಂಗಳೂರಿನ ಮನೆಯಿಂದಲೂ ಗ್ಯಾರೇಜೇ ಕಾಣುತ್ತಿತ್ತು.

ಎಲ್ಲ ಸರಿಹೋಯಿತು ಅಂತಲ್ಲ. ನನಗೆ ಮಾತಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಎಲ್ಲರೂ "ಎಲ್ಲಿಂದ ಬಂದ್ರಿ, ಯಾಕ್ ಬಂದ್ರಿ, ಮಗಳು ಒಬ್ಳೇನಾ" ಅನ್ನುವಲ್ಲಿಗೆ ನಿಲ್ಲಿಸುತ್ತಾರೆ. ಮೂರನೇ ಪ್ರಶ್ನೆ ಒಮ್ಮೊಮ್ಮೆ ಕೆರಳಿಸುತ್ತೆ. ಸಂಜೆ ಆರಕ್ಕೆ ಕಿಟಕಿ ಮುಚ್ಚುವಾಗ ಉಸಿರು ಕಟ್ಟಿದ ಹಾಗಾಗುತ್ತೆ. ಕರಾರು ಮುಗಿಯುವ ತನಕ ಯಾವ ವಿಳಾಸವನ್ನೂ ಬದಲಿಸೋದು ಬೇಡ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಆಧಾರ್, ಗ್ಯಾಸು, ಬ್ಯಾಂಕು, ಎಲ್ಲ ಬೆಂಗಳೂರಿನದೇ ಇರಲಿ, ಬೇಕಾದರೆ ವಾಪಸ್ಸು ಹೋಗಬಹುದು.

ಜೂನ್ 20, ಶುಕ್ರವಾರ, ನಾನು 3ಬಿ ಫೈಲ್ ಮಾಡುತ್ತಾ ಕೂತಿದ್ದೆ. ಒಬ್ಬ ಕಕ್ಷಿದಾರರ ಬ್ಯಾಂಕ್ ಸ್ಟೇಟ್‌ಮೆಂಟ್ ಮೇಜಿನ ಮೇಲೆ ಇಟ್ಟ ನೆನಪು, ಹುಡುಕುತ್ತಿದ್ದರೆ ಮಾವನ ಪೇಪರ್ ರಾಶಿಯಡಿ ಅಂಚೆ ಕಚೇರಿ ಪಾಸ್‌ಬುಕ್ ಸಿಕ್ಕಿತು. ಬಿಡಿಸಿ ನೋಡಿದೆ. ಮೊದಲ ಪುಟದಲ್ಲಿ ಶ್ರೀರಂಗಪಟ್ಟಣದ ಮೊಹರು, ತಾರೀಖು ನಾವು ಬಂದ ಎರಡನೇ ವಾರದ್ದು. ಖಾತೆ ವರ್ಗಾವಣೆ ಮಾಡಿಸಿಕೊಂಡಿದ್ದರು, ನಮಗ್ಯಾರಿಗೂ ಹೇಳಿರಲಿಲ್ಲ. ಅವರು ಮನೆಯಲ್ಲಿರಲಿಲ್ಲ. ಬೆಳಗ್ಗೆ ಹತ್ತಕ್ಕೇ ಕ್ಷೌರದ ಅಂಗಡಿಗೆ ಹೋಗಿದ್ದರು. ಪಾಸ್‌ಬುಕ್ಕನ್ನು ಇದ್ದ ಜಾಗದಲ್ಲೇ ಇಟ್ಟೆ.